ಕೊಂಡಿ ಹಾಕಿದ ನಿದ್ದೆ

ಕಥೆಗಳು ಸಾಮಾನ್ಯವಾಗಿ ಆಗಿಹೋದ ಕಾಲದಲ್ಲಿ ನಡೆಯುತ್ತವೆ. ಇದು ಇನ್ನೂ ಬಾರದ ಕಾಲದ್ದು. ಆದರೂ ಇಳಕಲ್ಲಿನ ಮಗ್ಗದ ಓಣಿಗಳಲ್ಲಿ ಇದನ್ನು ಹೇಳುವವರು ನಿನ್ನೆ ಮೊನ್ನೆ ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಒಬ್ಬರು ಹೇಳಿದಂತೆ ಇನ್ನೊಬ್ಬರು ಹೇಳುವುದಿಲ್ಲ. ಕಥೆಯಲ್ಲಿ ಬರುವ ಅತ್ತೆಗೆ ಕೀಲುಬೇನೆ ಹತ್ತಿ ಹನ್ನೊಂದು ವರ್ಷವಾಗಿತ್ತೆಂದು ಕೆಲವರು, ಹದಿನಾಲ್ಕೆಂದು ಕೆಲವರು. ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತುತ್ತ ಕಥೆ ಹೇಳುವ ಹೆಂಗಸರ ಪಾಠದಲ್ಲಿ ಹನ್ನೊಂದು ಎಂದಿದೆ. ಎಳೆ ಎಣಿಸಿ ರೂಢಿಯಾದ ಅವರು ಎಣಿಕೆಯಲ್ಲಿ ತಪ್ಪುವುದು ಕಡಿಮೆ; ಇಲ್ಲಿಯೂ ಹನ್ನೊಂದೇ ಇರಲಿ.

ಅತ್ತೆಯ ಹೆಸರು ಅಂಬವ್ವ. ಸೊಸೆ ಮಂದಾಕಿನಿ, ಓಣಿಯವರ ಬಾಯಲ್ಲಿ ಮಂದಾ. ಮಗ ಮಹಾಂತೇಶ ನೂಲಿಗೆ ಬಣ್ಣ ಹಾಕುವ ಕೆಲಸಕ್ಕೆಂದು ಬೆಳಗ್ಗೆ ಹೋದರೆ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಆ ಮನೆಯಲ್ಲಿ ಅತ್ತೆ, ಸೊಸೆ ಮತ್ತು ಒಂದು ಕುಣಿಮಗ್ಗ.

ಇಳಕಲ್ ಸೀರೆಯ ಮೈಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಮೈಯದು ಹತ್ತಿ, ಸೆರಗಿನದು ರೇಷ್ಮೆ. ಈ ಎರಡನ್ನೂ ಎಳೆಗೆ ಎಳೆ ಕೂಡಿಸುವ ಕೆಲಸಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಅಂಬವ್ವ ಹಾಕಿದ ಕೊಂಡಿ ಬೆರಳಿಗೆ ತಾಕಿದರೂ ಕಣ್ಣಿಗೆ ಕಾಣುತ್ತಿರಲಿಲ್ಲ. ಓಣಿಯ ಹಾಸುಗಳೆಲ್ಲ ಒಂದು ಕಾಲಕ್ಕೆ ಅವಳ ಕಟ್ಟೆಗೆ ಬರುತ್ತಿದ್ದವು. ಆಮೇಲೆ ಬೇನೆ ಬಂತು. ಮೈಯನ್ನು ಕಾಯಬೇಕಾದ ಪಡೆಯೇ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತ ಎಂದರು ಡಾಕ್ಟರರು. ಹೋಗುವಂಥದ್ದಲ್ಲ, ಜೊತೆಯಲ್ಲೇ ಬಾಳಬೇಕು ಎಂದೂ ಹೇಳಿದರು.

ಬಾಳಿದಳು. ಬೆಳಗಿನ ಹೊತ್ತು ಅವಳ ಕೈ ಅವಳ ಮಾತು ಕೇಳುತ್ತಿರಲಿಲ್ಲ. ಬಾಗಿಲ ಅಗಳಿ ತೆಗೆಯಲಾರಳು, ಡಬ್ಬಿಯ ಮುಚ್ಚಳ ತಿರುವಲಾರಳು, ರೊಟ್ಟಿ ಮುರಿಯಲಾರಳು. ಬಿಸಿನೀರಿನ ಬೋಗುಣಿಯಲ್ಲಿ ಅರ್ಧ ತಾಸು ಕೈ ಇಟ್ಟು ಕುಳಿತರೆ ಒಂಬತ್ತರ ಸುಮಾರಿಗೆ ಮುಷ್ಟಿ ಅರ್ಧ ಮುಚ್ಚುತ್ತಿತ್ತು. ಗುಳಿಗೆಗಳನ್ನು ಹಾಳೆಯಿಂದ ಒತ್ತಿ ತೆಗೆಯುವುದೂ ಆಗದು. ಆದ್ದರಿಂದ ಮಂದಾ ದಿನವೂ ಆರು ಗುಳಿಗೆ ಬಿಡಿಸಿ ಹಿತ್ತಾಳೆಯ ಬಟ್ಟಲಲ್ಲಿಟ್ಟು ಹೋಗುತ್ತಿದ್ದಳು. ಇಡು ಎಂದು ಅತ್ತೆ ಹೇಳಿರಲಿಲ್ಲ, ಇಟ್ಟೆ ಎಂದು ಸೊಸೆಯೂ ಹೇಳುತ್ತಿರಲಿಲ್ಲ.

ಆದರೆ ಬೇನೆಗಿಂತ ದೊಡ್ಡದು ಇನ್ನೊಂದಿತ್ತು. ರಾತ್ರಿ ಒಂದು ಗಂಟೆಗೆ, ಎರಡೂಕಾಲಿಗೆ, ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವಳಿಗೆ ತಪ್ಪದೆ ಎಚ್ಚರವಾಗುತ್ತಿತ್ತು. ಒಮ್ಮೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚಲು ಒಂದು ತಾಸು. ಬೇನೆ ನಿದ್ದೆಯನ್ನು ತಿನ್ನುತ್ತಿತ್ತು, ನಿದ್ದೆಗೆಟ್ಟ ಮೈ ಮರುದಿನ ಎರಡರಷ್ಟು ಬೇನೆಯನ್ನು ಹೆರುತ್ತಿತ್ತು. ಮುಖ ನೋಡಿದವರಿಗೆ ಇದೊಂದೂ ಕಾಣುತ್ತಿರಲಿಲ್ಲ. ನೆರೆಮನೆಯ ಕಾಶಿಬಾಯಿ ಬಂದಾಗಲೆಲ್ಲ, “ಮಾರಿ ನೋಡಿದ್ರ ಆರಾಮ ಅದೀಯಲ್ಲ ಯಕ್ಕಾ. ಬಳ್ಳೊಳ್ಳಿ ಎಣ್ಣಿ ಹಚ್ಚಿಕೋ, ಗಪ್ಪನ ನಿದ್ದಿ ಹತ್ತತೈತಿ” ಎಂದು ಹೇಳಿ ಹೋಗುವಳು.

ಇಂಥ ಮನೆಯಲ್ಲಿ ಮಂದಾಳ ನಿದ್ದೆ ಒಂದು ಅಚ್ಚರಿ. ಅವಳು ಕುಳಿತಲ್ಲಿ ಮಲಗುವಳು, ನಿಂತಲ್ಲಿ ತೂಗುವಳು. ಕಂಡಿಕೆ ಸುತ್ತುವ ರಾಟಿಯ ಮೇಲೆ ಕೆನ್ನೆಯಿಟ್ಟರೆ ರಾಟಿ ನಿಲ್ಲುವ ಮುಂಚೆ ಗೊರಕೆ ಸುರುವಾಗುವುದು. ಹಸಿದವರ ಎದುರು ಹೊಟ್ಟೆ ತುಂಬ ಉಂಡಂತೆ ಅಂಬವ್ವನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಮಂದಾ ಮದುವೆಯಾಗಿ ಬಂದ ಮೊದಲ ವರ್ಷ ತೂಕಡಿಸುತ್ತಲೇ ಕೊಂಡಿಯ ಬದಲು ಗಂಟು ಹಾಕಿ ಒಂದು ಹಾಸನ್ನೇ ಕೆಡಿಸಿದ್ದಳು. ಎಳೆಗಳು ಹಾಯುವ ಹಣಿಗೆಯಲ್ಲಿ ಆ ಗಂಟುಗಳೆಲ್ಲ ಸಿಕ್ಕು ಪಟಪಟನೆ ಹರಿದಿದ್ದವು. ಅಂದಿನಿಂದ ಒಂಬತ್ತು ವರ್ಷ ಅಂಬವ್ವನ ಬಾಯಿಗೆ ಬಿಡುವಿರಲಿಲ್ಲ.

“ಮಂದಾ ಅಂತ ನಿನಗ ಹೆಸರಿಟ್ಟಾವ ಜೋಯಿಸ ಅಲ್ಲ, ಡಾಕ್ಟರ. ಹುಟ್ಟಿದ ಕೂಡ್ಲೆ ಪರೀಕ್ಷೆ ಮಾಡೇ ಇಟ್ಟಾನ.”

“ಏನ್ ಮಾಡ್ಲಿರಿ ಅತ್ತಿ, ಕಣ್ಣು ತಾವ ಮುಚ್ಚತಾವ. ನನ್ನ ಕೇಳೂದಿಲ್ಲ.”

“ಕೇಳಿದ್ರ ನೀ ಯಾವಾಗ ಎಚ್ಚರಿರ್ತಿ, ಹೇಳಾಕ?”

ಆ ದಿನಗಳಲ್ಲಿ ಜೊತೆನಿದ್ದೆ ಎಂಬ ಹೊಸ ವಿದ್ಯೆಯೊಂದು ಬಂದಿತ್ತು. ಊರಿನ ಹಳೆಯ ನೂಲಿನ ಗೋದಾಮಿನಲ್ಲಿ ಅದರ ಕೇಂದ್ರ ತೆರೆದರು. ನಡೆಸುತ್ತಿದ್ದವರು ಡಾಕ್ಟರ್ ಫರ್ಹಾನಾ ಬಾಗವಾನ. ಅವರ ಜೊತೆಗೆ ಯಂತ್ರ ನೋಡಿಕೊಳ್ಳುವ ಯಮನೂರಪ್ಪ, ಐವತ್ತು ದಾಟಿದ ಮನುಷ್ಯ, ಚಹಾ ಇಲ್ಲದೆ ಒಂದು ಗುಂಡಿಯನ್ನೂ ಒತ್ತದವನು. ಮಹಾಂತೇಶ ತಾಯಿಯನ್ನು ಒತ್ತಾಯ ಮಾಡಿ ಅಲ್ಲಿಗೆ ಕರೆದೊಯ್ದ.

“ಗಾಢ ನಿದ್ದಿ ಹತ್ತಿದಾಗ ಮಿದುಳಿನ್ಯಾಗ ಸಾವಕಾಶ ತೆರಿ ಏಳತಾವರಿ, ಸೆಕೆಂಡಿಗೆ ಒಂದರಂಗ,” ಎಂದು ಡಾಕ್ಟರ್ ವಿವರಿಸಿದರು. “ನಿಮ್ಮ ಮಿದುಳಿನ ತೆರಿ ಮ್ಯಾಲ ಏಳೂದ್ರಾಗ ಬ್ಯಾನಿ ಬಂದು ಕೆಡಸ್ತೈತಿ. ಒಳ್ಳೆ ನಿದ್ದಿ ಇರೋರ ತಲಿಗೆ ಜಾಳಿಗಿ ಟೋಪಿ ಹಾಕಿ ಅವರ ತೆರಿ ಹಿಡೀತೀವಿ. ಅದನ್ನ ಸಣ್ಣ ಟಕ್ ಟಕ್ ಸಪ್ಪಳಾ ಮಾಡಿ ನಿಮ್ಮ ಕಿವಿಗೆ ಬಿಡ್ತೀವಿ. ನಿಮ್ಮ ಮಿದುಳು ಆ ತಾಳಕ್ಕ ಬೀಳತೈತಿ.”

ಅಂಬವ್ವ ಯೋಚಿಸಿದಳು. “ಒಂದ ಒಳ್ಳಿಗೆ ಎರಡು ಒನಕಿ ಹಾಕಿದಂಗ.”

“ಅಗದಿ ಬರೋಬ್ಬರಿ ಅಂದ್ರಿ ನೋಡ್ರಿ.”

“ಹಂಗಾರ ಆ ಸಪ್ಪಳಾ ತುಂಬಿ ಇಟಗೊಂಡು ಕೇಳಸ್ರಿ. ಜೀವಂತ ಮನಶ್ಯಾರು ಯಾಕ ಬೇಕು?”

“ತುಂಬಿಟ್ಟ ಸಪ್ಪಳಕ್ಕ ನೀವು ತಾಳ ತಪ್ಪಿದ್ದು ಗೊತ್ತಾಗೂದಿಲ್ರಿ. ಜೋಡಿ ಒನಕಿ ಹಿಡದಾಕಿ ನೀವು ತಡಾ ಮಾಡಿದ್ರ ತಾನೂ ಒಂದೀಟು ತಡೀತಾಳಲ್ಲ, ಹಂಗ. ಎರಡೂ ಕಡಿಯಿಂದ ಇರಬೇಕು. ನಿಮ್ಮ ತೆರಿ ಅವರಿಗೂ ಹೋಗಬೇಕು.”

ಈ ಕೊನೆಯ ಮಾತನ್ನು ಅಂದು ಯಾರೂ ತೂಗಿ ನೋಡಲಿಲ್ಲ.

ಒಂದೇ ಮನೆಯಲ್ಲಿ ಉಂಡು ಮಲಗುವವರ ನಿದ್ದೆ ಹೊಂದುವುದು ಸುಲಭವೆಂದು ಮೊದಲು ಮಹಾಂತೇಶನನ್ನು ಮಲಗಿಸಿ ನೋಡಿದರು. ಅವನ ನಿದ್ದೆಯ ತುಂಬ ಹೊರಳಾಟವೇ ಇತ್ತು. ಆಮೇಲೆ ಜೊತೆಗೆ ಬಂದಿದ್ದ ಮಂದಾಳನ್ನು ಒಳಗೆ ಕರೆದರು. ಐದು ನಿಮಿಷಕ್ಕೆಲ್ಲ ಯಮನೂರಪ್ಪ ಹೊರಗೆ ಓಡಿಬಂದ.

“ಮೇಡಮ್, ಟೋಪಿ ಕಟ್ಟೂ ಮುಂಚೇನ ಮಲಗಿಬಿಟ್ಟಾರ್ರಿ!”

ಯಂತ್ರದ ಪರದೆಯ ಮೇಲೆ ಮಂದಾಳ ನಿದ್ದೆ ದೊಡ್ಡ ದೊಡ್ಡ ಅಲೆಗಳಾಗಿ ಒಂದೇ ಅಳತೆಯಲ್ಲಿ ಏಳುತ್ತ ಬೀಳುತ್ತ ಸಾಗಿತ್ತು. ಡಾಕ್ಟರ್ ಬಹಳ ಹೊತ್ತು ನೋಡಿದರು. “ಆರು ವರ್ಷದಾಗ ಇಂಥಾ ನಿದ್ದಿ ನೋಡಿಲ್ಲ. ಇದು ಆಸ್ತಿ ಅಂಬವ್ವಾರ.”

“ಹೂಂ,” ಎಂದಳು ಅಂಬವ್ವ. “ತವರುಮನಿಯಿಂದ ತಂದದ್ದು ಅದೊಂದ.”

ಮಾತು ಹಾಗೆ ಬಂದರೂ ಒಳಗೆ ಏನೋ ಕುಟುಕಿತು. ಒಂಬತ್ತು ವರ್ಷ ಯಾವುದನ್ನು ಹಳಿದಳೋ ಅದಕ್ಕೇ ಈಗ ಕೈಯೊಡ್ಡಬೇಕಾಗಿತ್ತು. ಮಂದಾ ಮಾತ್ರ ಎದ್ದು ಕಣ್ಣುಜ್ಜುತ್ತ, “ಇಷ್ಟ ಏನ್ರಿ? ಮಲಗೂದ ಕೆಲಸಾ ಏನ್ರಿ?” ಎಂದು ಕೇಳಿ ಎಲ್ಲರನ್ನೂ ನಗಿಸಿದಳು.

ಮರುದಿನ ಮಧ್ಯಾಹ್ನ, ಕಿಟಕಿಗೆ ಕಪ್ಪು ಪರದೆ ಇಳಿಬಿಟ್ಟ ಕೋಣೆಯಲ್ಲಿ ಎರಡು ಮಂಚಗಳ ಮೇಲೆ ಅತ್ತೆ ಸೊಸೆ ಮಲಗಿದರು. ಅಂಬವ್ವನ ಕಿವಿಯಲ್ಲಿ ದೂರದ ಮನೆಯಲ್ಲಿ ಯಾರೋ ಕುಟ್ಟುತ್ತಿರುವಂಥ ಸಪ್ಪಳ. ಅದನ್ನು ಎಣಿಸುತ್ತಿದ್ದವಳು ಎಲ್ಲಿ ಎಣಿಕೆ ತಪ್ಪಿದೆ ಎಂದು ನೆನೆಯುವಷ್ಟರಲ್ಲಿ ಪರದೆ ಸರಿಸಿದ್ದರು. ಹೊರಗೆ ಸಂಜೆಯ ಬಿಸಿಲು. ಡಾಕ್ಟರ್, ಯಮನೂರಪ್ಪ, ಮಗ, ಸೊಸೆ ನಾಲ್ವರೂ ಮಂಚದ ಸುತ್ತ ಮಾತಿಲ್ಲದೆ ನಿಂತಿದ್ದರು.

ಅಂಬವ್ವ ಗಾಬರಿಯಿಂದ ಎದ್ದು ಕುಳಿತು, “ಯಾರ ಸತ್ತರ?” ಎಂದಳು.

“ಯಾರೂ ಸತ್ತಿಲ್ಲಬೇ,” ಎಂದ ಮಹಾಂತೇಶ. “ನಾಕ ತಾಸು ಮಲಗಿದ್ದಿ.”

ಟೋಪಿಗಳು ಮನೆಗೆ ಬಂದವು. ಒಳಕೋಣೆಯಲ್ಲಿ ಮಂದಾ, ಪಡಸಾಲೆಯಲ್ಲಿ ಅಂಬವ್ವ. ನಡುವೆ ಗೋಡೆ ಇದ್ದರೂ ನಿದ್ದೆ ಹಾಯುತ್ತಿತ್ತು. ಎರಡನೆಯ ವಾರ ಅಂಬವ್ವ ಅಗಳಿ ತೆಗೆದಳು. ಮೂರನೆಯ ವಾರ ತಾನೇ ರೊಟ್ಟಿ ಮುರಿದು ಉಂಡಳು. ಆ ವಾರದ ಕೊನೆಗೆ ಒಂದು ಹತ್ತಿಯ ಎಳೆ, ಒಂದು ರೇಷ್ಮೆಯ ಎಳೆ ಹಿಡಿದು ಬಾಗಿಲ ಬೆಳಕಿಗೆ ಕುಳಿತಳು. ಮೊದಲ ಸಲ ಎಳೆ ಜಾರಿತು. ಎರಡನೆಯ ಸಲವೂ ಜಾರಿತು. ಮೂರನೆಯ ಸಲ ಕೊಂಡಿ ಕುಳಿತಿತು. ಅವಳು ಅದನ್ನು ಯಾರಿಗೂ ತೋರಿಸಲಿಲ್ಲ. ಕುಪ್ಪಸದ ಅಂಚಿಗೆ ಸಿಕ್ಕಿಸಿಕೊಂಡು ದಿನವೆಲ್ಲ ಮುಟ್ಟಿ ನೋಡಿದಳು. ತಿಂಗಳು ತುಂಬುವುದರೊಳಗೆ ಕಾಶಿಬಾಯಿ ತನ್ನ ತಮ್ಮನ ಮಗಳ ಮದುವೆಯ ಸೀರೆಗೆಂದು ಎರಡು ಹಾಸು ತಂದು ಕಟ್ಟೆಯ ಮೇಲಿಟ್ಟಳು.

ಇನ್ನು ಆ ಮನೆಯಲ್ಲಿ ಒಂದು ಬದಲಾವಣೆ ಆಯಿತು. ಅದನ್ನು ಅಂಬವ್ವ ಕಂಡಳು. ಕಂಡೂ ತಪ್ಪಾಗಿ ಓದಿದಳು. ಮಂದಾ ಹಗಲು ಮಲಗುವುದನ್ನು ಬಿಟ್ಟಿದ್ದಳು. ರಾಟಿಯ ಮೇಲೆ ಕೆನ್ನೆ ಇಡುತ್ತಿರಲಿಲ್ಲ. ಕಣ್ಣು ಅರಳಿಸಿ, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು.

“ನನ್ನ ಸೊಸಿ ಈಗ ಚುರುಕ ಆಗ್ಯಾಳ ನೋಡ,” ಎಂದು ಅಂಬವ್ವ ಕಾಶಿಬಾಯಿಗೆ ಹೆಮ್ಮೆಯಿಂದ ಹೇಳಿದಳು. “ಕೇಂದ್ರಕ್ಕ ಹೋದ ಮ್ಯಾಲ ನನ್ನ ಕೈಯೂ ಬಂತು, ಅಕಿ ಮಂಪರೂ ಹೋತು.”

ಬಟ್ಟಲಲ್ಲಿ ಒಂದು ದಿನ ನಾಲ್ಕು ಗುಳಿಗೆಗಳಿದ್ದವು, ಇನ್ನೊಂದು ದಿನ ಏಳು. ರೊಟ್ಟಿಗಳು ಕರಕಲಾದವು. ಬಟ್ಟೆಯಲ್ಲಿ ಎಳೆ ತಪ್ಪಿದ್ದು ಮಂದಾಳ ಕಣ್ಣಿಗೆ ಬೀಳದಾಯಿತು. “ಎಚ್ಚರಿದ್ರೂ ಇಷ್ಟ, ಮಲಗಿದ್ರೂ ಇಷ್ಟ,” ಎಂದು ಅಂಬವ್ವ ಗೊಣಗಿದಳು. ಮಂದಾ ರಾಟಿ ತಿರುಗಿಸುತ್ತಲೇ ಇದ್ದಳು. ಮೊದಲಾಗಿದ್ದರೆ ತಿರುಗಿ ಒಂದು ಮಾತು ಆಡುತ್ತಿದ್ದಳು.

ಮೂರನೆಯ ತಿಂಗಳ ತಪಾಸಣೆಗೆ ಅಂಬವ್ವ ಒಬ್ಬಳೇ ಕೇಂದ್ರಕ್ಕೆ ಹೋದಳು. ಡಾಕ್ಟರ್ ಇನ್ನೂ ಬಂದಿರಲಿಲ್ಲ. ಯಮನೂರಪ್ಪ ಚಹಾದ ಕಪ್ಪು-ಬಸಿ ಹಿಡಿದು ಪರದೆಯ ಮುಂದೆ ಕುಳಿತಿದ್ದ. ಪರದೆಯ ಮೇಲೆ ಹಿಂದಿನ ವಾರದ ಎರಡು ಗೆರೆಗಳು, ಒಂದರ ಮೇಲೊಂದು. ಕೆಳಗಿನದು ಒಂದೇ ಸಮನೆ ಹರಿದಿತ್ತು. ಮೇಲಿನದು ಅಲ್ಲಲ್ಲಿ ಕಡಿದು ಚಿಂದಿಯಾಗಿತ್ತು. ಹಾಸಿನಲ್ಲಿ ಹರಿದ ಎಳೆಯನ್ನು ಆರು ಮೊಳ ದೂರದಿಂದ ಗುರುತಿಸುವ ಕಣ್ಣು ಅವಳದು.

“ನನ್ನ ಎಳಿ ಇನ್ನೂ ಇಷ್ಟು ಹರದೈತೇನೋ ಯಪ್ಪಾ?”

“ಅದು ನಿಮ್ಮದಲ್ರಿ ಅಮ್ಮಾರ,” ಎಂದ ಅವನು, ಚಹಾ ಊದುತ್ತ. “ನಿಮ್ಮದು ಕೆಳಗಿಂದು.”

ಹೇಳಿದ ಮೇಲೆ ತಾನು ಹೇಳಿದ್ದೇನೆಂಬುದು ಅವನಿಗೆ ತಿಳಿಯಿತು. ಬಸಿ ಕೆಳಗಿಟ್ಟ. ಅಂಬವ್ವ ಪರದೆಯ ಹತ್ತಿರ ಹೋಗಿ ಮೇಲಿನ ಗೆರೆ ಕಡಿದ ಜಾಗಗಳನ್ನು ಬೆರಳಿಟ್ಟು ನೋಡಿದಳು. ಪ್ರತಿ ರಾತ್ರಿಯೂ ಮೂರು ಕಡೆ. ಕೆಳಗೆ ಬರೆದ ಹೊತ್ತುಗಳನ್ನು ಓದುವ ಅಗತ್ಯವೇ ಇರಲಿಲ್ಲ. ಹನ್ನೊಂದು ವರ್ಷ ಅವುಗಳೊಡನೆ ಬಾಳಿದವಳಿಗೆ ಅವುಗಳ ಗುರುತು ಹತ್ತದೆ ಇದ್ದೀತೆ? ಒಂದು, ಎರಡೂಕಾಲು, ನಾಲ್ಕಕ್ಕೆ ಹತ್ತು ಕಡಿಮೆ. ತನ್ನವೇ ಮೂರು ಹೊತ್ತುಗಳು ಗೋಡೆ ದಾಟಿ ಒಳಕೋಣೆಗೆ ಹೋಗಿದ್ದವು.

ಡಾಕ್ಟರ್ ಬಂದು ಮರೆಮಾಚದೆ ಹೇಳಿದರು. ಗಾಢ ನಿದ್ದೆಯಿಂದ ಬೇನೆ ತಗ್ಗಿತ್ತೇ ಹೊರತು ಹೋಗಿರಲಿಲ್ಲ. ಮೈ ಆ ಹೊತ್ತಿಗೆ ಏಳು ಎಂದು ಕೂಗುತ್ತಲೇ ಇತ್ತು. ಯಂತ್ರ ಎರಡೂ ನಿದ್ದೆಗಳನ್ನು ಬಿಗಿಯಾಗಿ ಕೂಡಿಸಿದ್ದರಿಂದ ಆ ಕೂಗು ಜೊತೆಯವಳಿಗೆ ಕೇಳುತ್ತಿತ್ತು; ಕೇಳಿ ಕೇಳಿ ಅವಳಿಗೆ ಹಗಲಲ್ಲೂ ಕಣ್ಣು ಹತ್ತದಾಗಿತ್ತು. “ಎಚ್ಚರಾ ಎಲ್ಲಿಗಾರ ಹೋಗಬೇಕಲ್ರಿ. ತಿಂಗಳ ಹಿಂದೆನ ನಿಲ್ಲಸೂಣು ಅಂದೆ. ಮಂದಾಕಿನಿಯವರು ಕೈ ಮುಗದು, ಅತ್ತಿಗೆ ಹೇಳಬ್ಯಾಡ್ರಿ, ಮದುವಿ ಸೀರಿ ಮುಗೀಲಿ ಅಂದ್ರು. ನಾ ಒಪ್ಪಬಾರದಿತ್ತು. ತಪ್ಪು ನಂದು.”

ಅಂಬವ್ವ ಮನೆಗೆ ಬಂದಾಗ ಮಂದಾ ರಾಟಿ ತಿರುಗಿಸುತ್ತಿದ್ದಳು. ಅತ್ತೆ ಹೊಸ್ತಿಲಲ್ಲೇ ಕುಳಿತಳು.

“ಎಷ್ಟ ದಿನ ಆತು?”

“ಏನ್ರಿ ಅತ್ತಿ?”

“ಒಂದಕ್ಕ, ಎರಡೂಕಾಲಿಗೆ, ನಾಕಕ್ಕ ಹತ್ತು ಕಮ್ಮಿ ಇದ್ದಾಗ. ನಿನಗ ಎಚ್ಚರ ಆಗಾಕತ್ತಿ ಎಷ್ಟ ದಿನ ಆತು?”

ರಾಟಿ ನಿಂತಿತು. “ಐವತ್ತು ದಿನ ಆಗಿರಬೇಕ್ರಿ.”

“ಹೇಳಾಕ ಬಾಯಿ ಇರಲಿಲ್ಲ?”

“ಹೇಳಿದ್ರ ಟೋಪಿ ತಗದು ಒಗೀತಿದ್ರಿ. ನಿಮ್ಮ ಕೈ ಹೊಳ್ಳಿ ಸೆಟೀತಿದ್ವು.” ಮಂದಾ ಕಂಡಿಕೆಯನ್ನು ಸುಮ್ಮನೆ ತಿರುವಿದಳು. “ಒಂಬತ್ತು ವರ್ಷ ನಿದ್ದಿಬಡಕಿ ಅನ್ನಿಸಿಕೊಂಡೇನಿ. ಒಂದಾರ ಉಪಯೋಗಕ್ಕ ಬರಲಿ ಅಂದೆ.”

“ನನ್ನ ಬೈಲಿಲ್ಲ ನೀನು?”

“ಬೈದೇನ್ರಿ, ಮನಸ್ಸಿನ್ಯಾಗ. ಭಾಳ ಬೈದೇನಿ.” ಕಂಡಿಕೆ ಕೆಳಗಿಟ್ಟು ಮಂದಾ ಕೇಳಿದಳು: “ಅತ್ತಿ, ಆ ಹೊತ್ತಿನ್ಯಾಗ ನಾಯಿ ಸುದ್ದಾ ಬೊಗಳೂದಿಲ್ರಿ. ಅಷ್ಟು ವರ್ಷ ಒಬ್ಬರ ಹೆಂಗ ಕುಂತ್ರಿ?”

ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳುವುದಕ್ಕೆ ಆ ಹೊತ್ತನ್ನು ಕಂಡಿರಬೇಕಲ್ಲ. ಅಂಬವ್ವ ಎದ್ದುಹೋಗಿ ಎರಡೂ ಟೋಪಿಗಳನ್ನು ಅರಿವೆಯಲ್ಲಿ ಸುತ್ತಿ ನೆಲುವಿನ ಮೇಲಿಟ್ಟಳು.

ಎಂಟು ಒಂಬತ್ತು ದಿನಗಳಲ್ಲಿ ಬೋಗುಣಿಯ ಬಿಸಿನೀರು ಮತ್ತೆ ಬಂತು, ಅಗಳಿ ಮತ್ತೆ ಬಿಗಿಯಿತು. ಕಾಶಿಬಾಯಿಯ ಹಾಸಿನಲ್ಲಿ ಅರ್ಧದಷ್ಟು ಕೊಂಡಿ ಉಳಿದಿತ್ತು. ಮದುವೆಗೆ ಇಪ್ಪತ್ತು ದಿನ. ಮಂದಾ ಮೊದಲ ಮೂರು ದಿನ ಮಲಗಿಯೇ ಕಳೆದಳು, ಉಣ್ಣಲಿಕ್ಕೆ ಎಬ್ಬಿಸಬೇಕಾಯಿತು. ಆಮೇಲೆ ಅವಳ ಮುಖಕ್ಕೆ ಬಣ್ಣ ಬಂತು. ಅದನ್ನು ನೋಡಿ ಅಂಬವ್ವನಿಗೆ ಸಮಾಧಾನವೂ ಆಯಿತು, ಹೊಟ್ಟೆಯೂ ಉರಿಯಿತು. ಎರಡೂ ನಿಜ, ಕಥೆ ಹೇಳುವವರು ಎರಡನ್ನೂ ಹೇಳುತ್ತಾರೆ.

ಹತ್ತನೆಯ ದಿನ ಬೆಳಗ್ಗೆ ಮಂದಾ ತಾನೇ ಹಾಸಿನ ಮುಂದೆ ಕುಳಿತಳು. ಅಂಬವ್ವ ಕೈಯನ್ನು ಬಿಸಿನೀರಲ್ಲಿಟ್ಟುಕೊಂಡೇ ನೋಡುತ್ತಿದ್ದಳು.

“ಅದೇನದು?”

“ಕೊಂಡಿರಿ.”

“ನಿಮ್ಮವ್ವನ ಕೊಂಡಿ! ಅದು ಗಂಟು. ಇನ್ನೂ ಗಂಟ ಹಾಕ್ತಿಯಲ್ಲ ಮಂದಾ! ಹತ್ತಿದು ಒಂದು ಜಗ್ಗು, ರೇಷ್ಮಿದು ಒಂದು ಜಗ್ಗು. ಎರಡನೂ ಗಂಟಿನ್ಯಾಗ ಬಿಗದ್ರ ಒಂದು ಎಳದಾಗ ಇನ್ನೊಂದು ಹರೀತೈತಿ. ಕೊಂಡಿ ಅಂದ್ರ ಇದರ ಮಡಿಕ್ಯಾಗ ಅದು ಹೋಗಬೇಕು, ಹಿಡೀಬೇಕು, ಹೊಳ್ಳಿ ತನ್ನ ಮನಿಗೆ ಬರಬೇಕು. ಅದೂ ಹಂಗ. ಇಬ್ಬರೂ ಮುಟ್ಟಬೇಕು, ಇಬ್ಬರೂ ಹೊಳ್ಳಿ—”

ಅಂಬವ್ವನ ಮಾತು ನಡುವೆಯೇ ನಿಂತಿತು. ಈ ಮಾತನ್ನು ಅವಳು ನೂರಾರು ಸಲ ಹೇಳಿದ್ದಳು, ಅವಳ ತಾಯಿ ಅವಳಿಗೆ ಹೇಳಿದ್ದಳು. ತನ್ನ ಕಿವಿಗೆ ಅದು ಬಿದ್ದದ್ದು ಮಾತ್ರ ಅದೇ ಮೊದಲು.

“ಅತ್ತಿ? ಏನಾತ್ರಿ?”

“ಆ ಗಂಟು ಹಂಗ ಇರಲಿ. ಬಿಚ್ಚಬ್ಯಾಡ. ಅದರ ಬಾಜೂಕ ಒಂದು ಕೊಂಡಿ ಹಾಕು, ನಾ ಹೇಳಿದಂಗ. ಟೋಪಿ ತಗೀ. ಕೇಂದ್ರಕ್ಕ ಹೋಗೂಣು.”

ಕೇಂದ್ರದ ಮೇಜಿನ ಮೇಲೆ ಅವಳು ಹಾಸಿನ ತುದಿಯಿಂದ ಕತ್ತರಿಸಿ ತಂದ, ಗಂಟು ಕೊಂಡಿ ಎರಡೂ ಇದ್ದ ಎಳೆಗಳ ತುಂಡನ್ನು ಹರವಿದಳು. “ಡಾಕ್ಟರಬಾಯಿ, ನೀವು ನಮಗ ಗಂಟ ಹಾಕೀರಿ. ಗಂಟ ಹಾಕಬ್ಯಾಡ್ರಿ. ಕೊಂಡಿ ಹಾಕ್ರಿ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಯಮನೂರಪ್ಪನಿಗೆ, ಅವನ ತಾಯಿಯೂ ಕೊಂಡಿ ಹಾಕಿ ಅವನನ್ನು ಸಾಕಿದವಳು. ಅವನು ಗಂಟನ್ನೊಮ್ಮೆ ಜಗ್ಗಿದ. ರೇಷ್ಮೆ ಪಟ್ಟನೆ ಹರಿಯಿತು. ಕೊಂಡಿಯನ್ನು ಜಗ್ಗಿದ, ಎರಡು ಎಳೆಗಳೂ ಬಿಗಿದು, ಸಡಿಲಾಗಿ, ತಂತಮ್ಮ ಜಾಗದಲ್ಲಿ ಉಳಿದವು.

“ಮೇಡಮ್, ನಾವು ಮಲಗೂ ಮುಂದ ಇಬ್ಬರನೂ ಕೂಡಿಸಿ ಬೀಗಾ ಹಾಕ್ತೀವಿ, ಮುಂಜಾನೆ ತಗೀತೀವಿ. ಇವರು ಏನಂತಾರಂದ್ರ, ಬೀಗಾ ಬ್ಯಾಡ. ಇವರಿಗೆ ಎಚ್ಚರಾದ್ರ ಆಗಲಿ, ಆ ಹೊತ್ತಿನ್ಯಾಗ ದಾರಿ ಮುಚ್ಚಿಬಿಡೂಣು, ಅಕಿ ಕಡೆ ಏನೂ ಹೋಗೂದು ಬ್ಯಾಡ. ಇವರು ಹೊಳ್ಳಿ ಮಲಗಾಕತ್ತಾಗ ಮಾತ್ರ ತಗದು, ಹತ್ತು ನಿಮಿಷ ಅಕಿ ತಾಳಾ ಕೊಟ್ಟು, ಹೊಳ್ಳಿ ಬಿಡೂಣು.”

ಡಾಕ್ಟರ್ ಕೊಂಡಿಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕಾಗದ ತೆಗೆದುಕೊಂಡು ಅಲೆಗಳನ್ನು ಬರೆದರು, ಅಳಿಸಿದರು, ಮತ್ತೆ ಬರೆದರು. “ಮಾಡಬಹುದು,” ಎಂದರು ನಿಧಾನವಾಗಿ. “ಆದ್ರ ಅಂಬವ್ವಾರ, ಅಖಂಡ ನಿದ್ದಿ ಹೋಗತೈತಿ. ಆ ಮೂರು ಎಚ್ಚರ ಹೊಳ್ಳಿ ನಿಮಗ ಬರ್ತಾವ. ಕೈಗೆ ಆಗ ಬಂದ ಆರಾಮ ಅರ್ಧಾನೂ ಉಳೀಲಿಕ್ಕಿಲ್ಲ.”

“ನಂದು ನನಗ ಬರಲಿ. ಅವುಗಳ ಗುರುತು ನನಗೈತಿ, ಅಕಿಗೆ ಯಾಕ? ಎದ್ದಾಕಿಗೆ ಹೊಳ್ಳಿ ಒಳಗ ಹೋಗಾಕ ದಾರಿ ತೋರಸ್ರಿ, ಸಾಕು.” ಅಂಬವ್ವ ಹರಿದ ರೇಷ್ಮೆಯನ್ನು ಬೆರಳಿಗೆ ಸುತ್ತಿಕೊಂಡಳು. “ಮತ್ತ ಅಖಂಡ ಅಂದ್ರಲ್ಲ, ಅಖಂಡ ಸೀರಿ ನಮ್ಮೂರಾಗ ಯಾರ ಉಡ್ತಾರ? ಮೈ ಬ್ಯಾರೆ, ಸೆರಗ ಬ್ಯಾರೆ. ಕೂಡಿದಲ್ಲಿ ಹರೀದಿದ್ರ ಆತು.”

ಮಂದಾ ನಡುವೆ ಬಾಯಿ ಹಾಕಿದಳು. “ನನ್ನನೂ ಒಂದು ಮಾತು ಕೇಳ್ರಿ. ನಾ ಮಲಗಾಕ ತಯಾರದೇನಿ.”

“ನೀ ಯಾವಾಗ ತಯಾರಿಲ್ಲ?” ಎಂದಳು ಅಂಬವ್ವ. ಬಹಳ ದಿನಗಳ ಮೇಲೆ ಮಂದಾ ನಕ್ಕಳು.

ಅಂಬವ್ವ ಒಂದು ಕರಾರು ಹಾಕಿದಳು: ಪ್ರತಿ ಸಲ ಮೊದಲು ನೋಡಬೇಕಾದದ್ದು ಮಂದಾಳ ಗೆರೆ. ಅದರಲ್ಲಿ ಒಂದೇ ಒಂದು ಕಡಿತ ಕಂಡರೂ ಟೋಪಿ ಎಂದೆಂದಿಗೂ ನೆಲುವಿನ ಮೇಲೆ.

ಯಂತ್ರ ತಿದ್ದಲು ಆರು ದಿನ ಹಿಡಿಯಿತು. ಏಳನೆಯ ದಿನ ಮಧ್ಯಾಹ್ನ ಮತ್ತೆ ಆ ಕೋಣೆ, ಕಪ್ಪು ಪರದೆ, ಎರಡು ಮಂಚ. ಹೇಗೋ ಹತ್ತಿದ ನಿದ್ದೆಯಿಂದ ಅಂಬವ್ವನಿಗೆ ಮುಕ್ಕಾಲು ತಾಸಿಗೇ ಎಚ್ಚರವಾಯಿತು. ಬೆರಳ ಕೀಲುಗಳಲ್ಲಿ ಹಳೆಯ ಕೆಂಡ. ಕಿವಿಯಲ್ಲಿ ಏನೂ ಇಲ್ಲ. ಪಕ್ಕದ ಮಂಚದಲ್ಲಿ ಮಂದಾಳ ಉಸಿರು ಮಾತ್ರ, ಅಲುಗದೆ. ಅಂಬವ್ವ ತನ್ನ ಉಸಿರನ್ನೂ ಬಿಗಿಹಿಡಿದು ಆಲಿಸಿದಳು. ಅವಳಿಗೆ ಬೇಕಾದದ್ದು ಆ ಗಳಿಗೆಯಲ್ಲಿ ತನ್ನ ನಿದ್ದೆಯಾಗಿರಲಿಲ್ಲ. ಮಂದಾ ಹೊರಳಲಿಲ್ಲ. ಕೆಂಡ ಉರಿಯಿತು, ಸ್ವಲ್ಪ ಆರಿತು. ಭುಜ ಸಡಿಲವಾಗುತ್ತಿದ್ದಂತೆ ಎಲ್ಲೋ ದೂರದಲ್ಲಿ ಒನಕೆ ಎದ್ದಿತು: ಟಕ್. ತಡೆದು, ಟಕ್. ಅವಳು ಅದರ ಹಿಂದೆ ಹೋದಳು. ಹೋದದ್ದು ಗೊತ್ತಾಗಲಿಲ್ಲ.

ಸಂಜೆ ಯಂತ್ರದ ಪರದೆಯ ಮುಂದೆ ನಾಲ್ವರೂ ನಿಂತರು. ಕೆಳಗಿನ ಗೆರೆ ಎರಡು ಕಡೆ ಕಡಿದು, ಎರಡು ಕಡೆಯೂ ಮತ್ತೆ ಕೂಡಿತ್ತು. ಮೇಲಿನದನ್ನು ಅಂಬವ್ವ ಈ ತುದಿಯಿಂದ ಆ ತುದಿಯವರೆಗೆ ಬೆರಳು ಎಳೆದು ನೋಡಿದಳು. ಬೆರಳು ಎಲ್ಲಿಯೂ ತಡೆಯಲಿಲ್ಲ. ಯಮನೂರಪ್ಪನ ಚಹಾ ಆರಿ ಹೋಗಿತ್ತು.

ಇಲ್ಲಿಂದ ಮುಂದೆ ಪಾಠಗಳು ಕವಲೊಡೆಯುತ್ತವೆ. ಅಂಬವ್ವನ ಬೇನೆ ಪೂರ್ತಿ ಹೋಯಿತು, ಅವಳು ನೂರು ವರ್ಷ ನೇಯ್ದಳು ಎಂದು ಪೇಟೆಯ ಕಡೆ ಹೇಳುತ್ತಾರೆ. ಕಂಡಿಕೆ ಸುತ್ತುವ ಹೆಂಗಸರು ಇದನ್ನು ಒಪ್ಪುವುದಿಲ್ಲ. “ಬ್ಯಾನಿ ಹೋದ್ರ ಕತಿ ಸುಳ್ಳಾಗತೈತಿ” ಎನ್ನುತ್ತಾರೆ. ಅವರು ಹೇಳುವುದು ಹೀಗೆ: ಮೂರು ಹೊತ್ತಿಗೂ ಅವಳಿಗೆ ಎಚ್ಚರವಾಗುತ್ತಲೇ ಇತ್ತು. ಒಂದು ತಾಸು ಕೂರುತ್ತಿದ್ದವಳು ಈಗ ಕಾಲು ತಾಸು ಕೂರುತ್ತಿದ್ದಳು. ಮುಷ್ಟಿ ಕೆಲವು ದಿನ ಮುಚ್ಚುವುದು, ಕೆಲವು ದಿನ ಅರ್ಧ, ಮೋಡ ಕವಿದ ದಿನ ಇಲ್ಲವೇ ಇಲ್ಲ. ಹಾಸಿನ ಉಳಿದ ಕೊಂಡಿಗಳನ್ನು ಇಬ್ಬರೂ ಕೂಡಿ ಹಾಕಿದರು: ಎಳೆಯ ಮಡಿಕೆಯನ್ನು ಅಂಬವ್ವ ಎಡಗೈಯ ಎರಡು ಬೆರಳಲ್ಲಿ ಹಿಡಿಯುವಳು, ಮಂದಾ ಬಲಗೈಯಿಂದ ಇನ್ನೊಂದನ್ನು ತೂರಿಸಿ ತಿರುವುವಳು. ಸೀರೆ ಮದುವೆಗೆ ಎರಡು ದಿನ ಮೊದಲು ಮಗ್ಗದಿಂದಿಳಿಯಿತು. ಕೂಡಿದ ಜಾಗ ಕಣ್ಣಿಗೆ ಸ್ವಲ್ಪ ಕಾಣುತ್ತಿತ್ತು. ಅಂಬವ್ವ ಅದನ್ನು ಬಿಚ್ಚಿಸಲಿಲ್ಲ. ಜೊತೆನಿದ್ದೆಯ ಆ ಕ್ರಮಕ್ಕೆ ಮುಂದೆ ಬೇರೆ ಊರುಗಳಲ್ಲಿಯೂ ಕೊಂಡಿ ಎಂದೇ ಹೆಸರಾಯಿತು. ಸೀರೆಯನ್ನೇ ಕಾಣದವರೂ ಆ ಮಾತನ್ನು ಆಡುತ್ತಾರಂತೆ.

ಮತ್ತೊಂದು ಮಧ್ಯಾಹ್ನದ ಮಾತು. ಹೊಸ ಹಾಸೊಂದು ನಡುವೆ ಹರವಿತ್ತು. ಅಂಬವ್ವ ಮಡಿಕೆ ಹಿಡಿದು ಮಂದಾಳ ಕೈಗಾಗಿ ಕಾದಳು. ಕೈ ಬರಲಿಲ್ಲ. ನೋಡಿದರೆ ಮಂದಾ ಕಂಬಕ್ಕೆ ತಲೆಯಾನಿಸಿ, ಎಳೆಯನ್ನು ಬೆರಳಲ್ಲಿ ಹಿಡಿದೇ ನಿದ್ದೆ ಹೋಗಿದ್ದಳು. ಎರಡು ಎಳೆಗಳೂ ಅರ್ಧ ಕೂಡಿದ್ದವು; ಅಂಬವ್ವ ಬೆರಳು ಬಿಟ್ಟರೆ ಎಳೆ ಜಗ್ಗಿ ಮಂದಾಳಿಗೆ ಎಚ್ಚರವಾಗುತ್ತಿತ್ತು.

ಅಷ್ಟರಲ್ಲಿ ಕಾಶಿಬಾಯಿ ಬಾಗಿಲಲ್ಲಿ ಕಾಣಿಸಿಕೊಂಡಳು. “ಏನ ಯಕ್ಕಾ, ನಿನ್ನ ಸೊಸಿ ಹೊಳ್ಳಿ ಸುರು ಮಾಡಿದಳಲ್ಲ—”

“ಮೆಲ್ಲಕ ಮಾತಾಡ,” ಎಂದಳು ಅಂಬವ್ವ. “ನನ್ನ ಸೊಸಿ ಮಲಗ್ಯಾಳ.”

ಬೆರಳ ಕೀಲು ನೋಯುತ್ತಿತ್ತು. ಬಿಸಿಲು ಹೊಸ್ತಿಲು ದಾಟಿ ರಾಟಿಯವರೆಗೆ ಬಂತು, ರಾಟಿ ದಾಟಿ ಗೋಡೆ ಏರಿತು. ಮಂದಾ ತಾನಾಗಿ ಏಳುವವರೆಗೆ ಅಂಬವ್ವ ಎಳೆ ಬಿಡಲಿಲ್ಲ.

ಕಥೆ ಹೇಳುವವರು ಈ ಮಾತಿಗೆ ಬಂದಾಗ ದನಿ ತಗ್ಗಿಸುತ್ತಾರೆ, ಒಳಗೆ ಯಾರೋ ಮಲಗಿದ್ದಾರೆಂಬಂತೆ. ಕೇಳಿದವರೂ ಸಪ್ಪಳ ಮಾಡದೆ ಎದ್ದು ಹೋಗುತ್ತಾರೆ.